ಬರ್ಫಿನ ನಾಡಿನ ಗೌರಕ್ಕನ ಗುಡ್ಡ

ಸರ್ವೇ ಖಲಾಸಿಯ ಕೆಲಸ ಕೊಡೆಯಿಂದ ಶುರುವಾಗುತ್ತದೆ. ಸಾಹೇಬರಿಗೆ ಹಿಡಿಯುವ ಕೊಡೆಯಲ್ಲ, ಯಂತ್ರಕ್ಕೆ ಹಿಡಿಯುವ ಕೊಡೆ. ಮೂರು ಕಾಲಿನ ಮೇಲೆ ನಿಂತ ದುರ್ಬೀನಿಗೆ, ನಾವು ಥಿಯೋಡೊಲೈಟ್ ಅನ್ನುವುದಕ್ಕೆ, ಒಂದೇ ಮಗ್ಗುಲಿಗೆ ಬಿಸಿಲು ಬಡಿದರೆ ಅದರ ಮಟ್ಟದ ಗುಳ್ಳೆ ಸರಿದು ಲೆಕ್ಕ ತಪ್ಪುತ್ತದೆ. ಹಾಗಾಗಿ ಯಂತ್ರ ನೆರಳಿನಲ್ಲಿ, ಸಾಹೇಬರ ಕಣ್ಣು ಯಂತ್ರದಲ್ಲಿ, ಖಲಾಸಿ ಬಿಸಿಲಿನಲ್ಲಿ. ನನ್ನ ಜೊತೆಗಾರ, ಸಿಂದಗಿಯ ಹುಸೇನಸಾಬ, ಅನ್ನುತ್ತಿದ್ದ: “ಮಲ್ಲಪ್ಪ, ಮುಂದಿನ ಸಲ ಹುಟ್ಟಿದ್ರ ದುರ್ಬೀನ ಆಗಿ ಹುಟ್ಟಬೇಕು ನೋಡು. ಮನಶ್ಯಾ ಆಗಿ ಏನ್ ಸುಖ ಐತಿ?”

ಈಗ ಕೆಲಸಕ್ಕೆ ಸೇರುವ ಹುಡುಗರಿಗೆ ಈ ಕೊಡೆ ಗೊತ್ತಿಲ್ಲ. ಆಕಾಶದ ಉಪಗ್ರಹವನ್ನೇ ಕೇಳಿ ತಾನು ಎಲ್ಲಿದ್ದೇನೆಂದು ಹೇಳುವ ಡಬ್ಬಿ ಅವರ ಹೆಗಲಿಗಿರುತ್ತದೆ. ಒಳ್ಳೆಯದಾಯಿತು. ಅವರಲ್ಲಿ ಕೆಲವರು ನನ್ನ ಮನೆಗೆ ಬಂದು “ಕಾಕಾ, ಬರ್ಫಿನ ಕತಿ ಹೇಳ್ರಿ” ಅನ್ನುತ್ತಾರೆ. ನಾನು ಭೂಮಿಯ ದಕ್ಷಿಣ ತುದಿಯ ಹಿಮದ ನಾಡಿಗೆ ಹೋಗಿ ಅಲ್ಲಿಯ ಗುಡ್ಡಗಳ ನಕ್ಷೆ ಮಾಡುವವರ ಜೊತೆ ದುಡಿದು ಬಂದವನು ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ನಾನು ಬಿರುಗಾಳಿಯ ಕತೆ, ಹಡಗಿನ ಕತೆ ಹೇಳಿ ಕಳಿಸುತ್ತೇನೆ. ಅಲ್ಲಿಯ ಒಂದು ಗುಡ್ಡಕ್ಕೆ ಹೆಸರಿಡುವಾಗ ನಾನು ಮಾಡಿದ್ದನ್ನು ಮಾತ್ರ ಹೇಳಿಲ್ಲ. ಹೆಸರು ಬರೆದುಕೊಳ್ಳುವುದು ಈ ಕೆಲಸದಲ್ಲಿ ಇವತ್ತಿಗೂ ಮನುಷ್ಯನೇ ಮಾಡಬೇಕಾದ ಕೆಲಸ, ಡಬ್ಬಿಗೆ ಅದು ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಕಲಿತದ್ದು ಐದನೇ ಇಯತ್ತೆ. ವಾಕ್ಯ ಸೊಟ್ಟಗಿದ್ದರೆ ಓದುವವರೇ ನೆಟ್ಟಗೆ ಮಾಡಿಕೊಳ್ಳಬೇಕು.

ನನ್ನ ಊರು ಬಸವನ ಬಾಗೇವಾಡಿ ತಾಲೂಕಿನ ಮಸೂತಿ. ಅಪ್ಪ ಬೇಗ ಹೋದ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಬಗಲಲ್ಲಿ ಎತ್ತಿಕೊಂಡು ತಿರುಗಿದವಳು ಅಕ್ಕ ಗೌರವ್ವ. ನಾನು ಗೌರಕ್ಕ ಅನ್ನುತ್ತಿದ್ದೆ. ನಾನು ಸಾಲಿ ಬಿಟ್ಟು ತಿರುಗಾಡಿಕೊಂಡಿದ್ದಾಗ ಊರ ಹೊರಗೆ ಸರ್ವೇದವರ ಡೇರೆ ಬಿದ್ದವು. ಅಕ್ಕ ನನ್ನ ರಟ್ಟೆ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಅಡುಗೆಯವನ ಮುಂದೆ ನಿಲ್ಲಿಸಿದಳು. “ಇವನಿಗೆ ಏನರ ಕೆಲಸ ಕೊಡ್ರಿ. ಓದಾಕ ಬರೂದಿಲ್ಲ ಅಂತಾನ. ಬಿಸಲಾಗ ನಿಂದ್ರಾಕ ಬರ್ತೈತಿ” ಅಂದಳು. ದಿನಗೂಲಿಗೆ ಕೊಡೆ ಹಿಡಿದೆ. ಮುಂದೆ ಅದೇ ಕೆಲಸ ಕಾಯಂ ಆಯಿತು. ಅಕ್ಕನನ್ನು ಇಂಡಿ ತಾಲೂಕಿನ ಅಗರಖೇಡಕ್ಕೆ ಕೊಟ್ಟರು.

ನಮ್ಮ ಇಲಾಖೆಯಲ್ಲಿ ದೀಪಾವಳಿ ಮುಗಿದ ಮೇಲೆ ಕ್ಯಾಂಪಿಗೆ ಹೊರಟರೆ ವಾಪಸಾಗುವುದು ಯುಗಾದಿ ದಾಟಿದ ಮೇಲೆ. ಮಳೆಗಾಲದಲ್ಲಿ ಕಚೇರಿ. ಆಗ ನಕ್ಷೆ ಬಿಡಿಸುವವರಿಗೆ ಕೆಲಸ. ಖಲಾಸಿಗಳಿಗೆ ಡೇರೆ ಹೊಲಿಯುವುದು, ಸರಪಳಿಗೆ ಎಣ್ಣೆ ಹಚ್ಚುವುದು, ಅಷ್ಟೆ. ಕೇಳಿದರೆ ರಜೆ ಸಿಗುವ ಕಾಲ ಅದೊಂದೇ. ನಾಗರ ಪಂಚಮಿ ಬರುವುದೂ ಅದೇ ಕಾಲದಲ್ಲಿ. ನಮ್ಮ ಕಡೆ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು, ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ಅವಳಾಗಿ ಬಂದರೆ ಅದು ಬಂದಂತಲ್ಲ. ಅವ್ವ ಇರುವ ತನಕ ನನ್ನನ್ನು ಬೈದು ಕಳಿಸುತ್ತಿದ್ದಳು. ಅವ್ವ ಹೋದ ಮೇಲೆ ಬೈಯುವವರಿಲ್ಲ. ಮೊದಲ ವರ್ಷ ನನ್ನ ಮಗಳಿಗೆ ಜ್ವರ ಎಂದು ಹೋಗಲಿಲ್ಲ. ಎರಡನೇ ವರ್ಷ ಹೋದ ವರ್ಷ ಹೋಗಿಲ್ಲವಲ್ಲ ಎಂಬ ಸಂಕೋಚ. ಆಮೇಲೆ ಆ ಸಂಕೋಚವೇ ರೂಢಿಯಾಯಿತು. ಕ್ಯಾಂಪಿನ ಕೆಲಸ ಅಂತ ಕಾಗದ ಹಾಕುತ್ತಿದ್ದೆ. ಪಂಚಮಿ ಹೊತ್ತಿಗೆ ನಮಗೆ ಯಾವ ಕ್ಯಾಂಪೂ ಇರುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಕೆಲಸದ ಮಾತಿಗೆ ಬರುತ್ತೇನೆ. ಹೆಸರು ಕೇಳುವುದನ್ನು ನನಗೆ ಕಲಿಸಿದವರು ದೇಸಾಯಿ ಸಾಹೇಬರು. ಧಾರವಾಡದ ಕಡೆಯವರು, ತೆಳ್ಳಗೆ ಎತ್ತರಕ್ಕೆ ಇದ್ದರು, ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. ಅವರ ನಿಯಮ ಒಂದೇ: ಹಳ್ಳವಾಗಲಿ ಗುಡ್ಡವಾಗಲಿ, ಹಳೆಯ ನಕ್ಷೆ ನೋಡಿ ಹೆಸರು ಬರೆಯಬಾರದು, ಅಲ್ಲಿಯ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಬೇಕು. ಸಾಹೇಬರು ಯಂತ್ರದ ಮುಂದಿದ್ದಾಗ ಆ ಕೆಲಸ ನನ್ನದು.

ಮುದ್ದೇಬಿಹಾಳ ತಾಲೂಕಿನ ಒಂದು ಊರಲ್ಲಿ ನಾನು ಚಾವಡಿಗೆ ಹೋಗಿ ಕೇಳಿದೆ. ಗೌಡರು ಕುಳಿತಿದ್ದರು. “ಆ ಗುಡ್ಡಾ? ಅದು ನಮ್ಮ ಅಜ್ಜನ ಹೆಸರಿಂದು. ಬರಕೋ” ಅಂದರು. ಅಲ್ಲೇ ಕೂತಿದ್ದ ಇನ್ನಿಬ್ಬರನ್ನು ಕೇಳಿದೆ, ಅವರೂ ಹೌದೆಂದರು. ಮೂರಾಯಿತು. ಚಹಾ ಕುಡಿದು ಬಂದೆ. ಮರುದಿನ ಸಾಹೇಬರು ಆ ಗುಡ್ಡ ಹತ್ತಿದಾಗ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಣ್ಣುಮಗಳು ಸಿಕ್ಕಳು. “ಇದಕ್ಕ ಏನಂತೀರವ್ವಾ?” ಅಂದರು. “ಹೊರಸಿನ ಗುಡ್ಡ ಅಂತೀವ್ರಿ. ನೋಡ್ರಿ, ಹೊರಸು ಹಾಸಿದಂಗ ಇಲ್ಲೇನು?” ಅಂದಳು. ಹೊರಸು ಅಂದರೆ ಮಂಚ. ಇಳಿದು ಬರುವಾಗ ಸಿಕ್ಕ ಕುರಿ ಕಾಯುವವನೂ ಅದನ್ನೇ ಹೇಳಿದ. ಸಾಹೇಬರ ದನಿ ಇಳಿಯಿತು. “ಮಲ್ಲಪ್ಪ, ನೀ ಗುಡ್ಡ ಯಾರದು ಅಂತ ಕೇಳಿದಿ. ಗುಡ್ಡಕ್ಕ ಯಾರು ಹೋಗ್ತಾರ ಅಂತ ಕೇಳಲಿಲ್ಲ. ಹೆಸರು ಇರೋದು ಹೋಗೋರ ಬಾಯಾಗ.”

ಈ ಮಾತನ್ನು ಹೊಸ ಹುಡುಗರು ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಮೋರಟಗಿಯ ಕಡೆಯದು. ವಿಮಾನದಿಂದ ಫೋಟೋ ತೆಗೆಯುವ ಮೊದಲು ನೆಲದ ಮೇಲೆ ಗುರುತು ಮಾಡಬೇಕು, ಮೇಲಿಂದ ಕಾಣುವ ಹಾಗೆ. ಬಂಡೆಯ ಮೇಲೆ ಸುಣ್ಣದಿಂದ ದೊಡ್ಡ ಅಡ್ಡಗೀಟು ಬರೆದು ಬಂದೆವು. ಮರುದಿನ ಹೋದರೆ ಅದಕ್ಕೆ ಅರಿಷಿಣ ಕುಂಕುಮ ಬಿದ್ದಿದೆ, ತೆಂಗಿನಕಾಯಿ ಒಡೆದಿದೆ. ಪಕ್ಕದ ಹೊಲದ ಮುದುಕ ಕೈಮುಗಿದು ಕೇಳಿದ, “ಇದು ಯಾವ ದೇವರ್ರಿ?” ನಾನು ಬಾಯಿ ತೆರೆಯುವ ಮೊದಲೇ ಹುಸೇನಸಾಬ ಅಂದ, “ವಿಮಾನದಪ್ಪರಿ. ಮ್ಯಾಲಿಂದ ನೋಡ್ಕೋತಾನ. ಒರಸಬ್ಯಾಡ್ರಿ, ಅಷ್ಟ ಮಾಡ್ರಿ.” ವಿಮಾನ ಬರುವ ತನಕ ಆ ಗುರುತು ಮಾತ್ರ ಯಾರ ಕಾಲಿಗೂ ಸಿಕ್ಕು ಅಳಿಯಲಿಲ್ಲ. ಉಳಿದ ಕಡೆಯದನ್ನು ದನ ತುಳಿದಿದ್ದವು.

ದೇಸಾಯಿ ಸಾಹೇಬರಿಗೆ ಹಿಮದ ನಾಡಿನ ಕೆಲಸ ಬಂದಾಗ ನಮ್ಮಿಬ್ಬರನ್ನೂ ಕೇಳಿ ತೆಗೆದುಕೊಂಡರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೈ ತಪಾಸಣೆ, ಹಿಮದ ಬೆಟ್ಟದಲ್ಲಿ ತರಬೇತಿ ಎಲ್ಲ ಆಯಿತು. ಅಕ್ಕನಿಗೆ ನಾನು ತಿಳಿಸಲಿಲ್ಲ. ತಿಳಿಸಿದರೆ ನೋಡಲು ಬರುತ್ತಾಳೆ, ಬಂದರೆ ಪಂಚಮಿಯ ಮಾತು ಬರುತ್ತದೆ.

ಅವಳಿಗೆ ತಿಳಿದದ್ದು ಹುಸೇನಸಾಬನಿಂದ. ಅವನು ಮನೆಗೆ ಹೋಗುವಾಗ ಇಂಡಿ ಬಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾಳೆ. ಸುದ್ದಿ ಕೇಳಿ ಅವನಿಗೆ ಚಹಾ ಕುಡಿಸಿ, ಅವನು ವಾಪಸು ಹೊರಡುವ ದಿನ ಕೇಳಿಕೊಂಡು, ಆ ದಿನ ಮತ್ತೆ ಬಸ್ಟ್ಯಾಂಡಿಗೆ ಬಂದು ಒಂದು ಗಂಟು ಕೊಟ್ಟಿದ್ದಾಳೆ. ಒಣಗಿಸಿದ ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. “ಅಲ್ಲಿ ಏನ ತಿಂತೀರೋ ಏನ ಬಿಡ್ತೀರೋ. ತಿಂಗಳಗಟ್ಲೆ ಇಟ್ರೂ ಕೆಡೂದಿಲ್ಲ ಅಂತ ಹೇಳು” ಅಂದಳಂತೆ. ಗಂಟನ್ನು ಗೋವಾದ ಬಂದರಿನಲ್ಲಿ ಹುಸೇನಸಾಬ ನನ್ನ ತೊಡೆಯ ಮೇಲೆ ಇಟ್ಟ.

ಹಡಗಿನಲ್ಲಿ ನನಗೆ ಹೊಟ್ಟೆಯಲ್ಲಿ ಉಳಿದದ್ದು ಆ ರೊಟ್ಟಿ ಒಂದೇ. ದೇಸಾಯಿ ಸಾಹೇಬರು ಒಂದು ದಿನ ನಮ್ಮ ಕೋಣೆಗೆ ಬಂದು ಅರ್ಧ ರೊಟ್ಟಿ ಮುರಿದು ಹಿಂಡಿ ಹಚ್ಚಿ ತಿಂದರು. “ಯಾರ ಕೈಯ ರೊಟ್ಟಿನೋ ಇವು?” “ಹುಸೇನಸಾಬ ತಂದಾನ್ರಿ” ಅಂದೆ. ಸುಳ್ಳೇನಲ್ಲ. ಹುಸೇನಸಾಬ ನನ್ನ ಮುಖ ನೋಡಿದ.

ಹಿಮದ ನಾಡಿನಲ್ಲಿ ನಾವಿದ್ದ ಜಾಗ ಪೂರ್ತಿ ಹಿಮವಲ್ಲ. ತೆಂಕಣಕ್ಕೆ ಗೋಡೆಯಂತೆ ಎದ್ದ ಬರ್ಫು, ಬಡಗಣಕ್ಕೆ ಸಮುದ್ರದ ಮೇಲೆ ಚಾಚಿದ ಬರ್ಫು, ನಡುವೆ ಬತ್ತಲೆ ಕಲ್ಲಿನ ಸಣ್ಣ ಸಣ್ಣ ಗುಡ್ಡಗಳು, ಅವುಗಳ ನಡುವೆ ಕೆರೆಗಳು. ಹುಲ್ಲಿಲ್ಲ, ಗಿಡವಿಲ್ಲ. ಆ ಕಲ್ಲಿನ ಬಣ್ಣ ನೋಡಿದರೆ ಕೃಷ್ಣೆಯ ದಂಡೆಯ ಯಾವುದೋ ಬರಡು ದಿನ್ನೆಯನ್ನು ಎತ್ತಿ ತಂದು ಫ್ರಿಜ್ಜಿನಲ್ಲಿ ಇಟ್ಟಂತೆ ಇತ್ತು. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಗಾಣದ ಎತ್ತಿನ ಹಾಗೆ ಸುತ್ತುತ್ತಾನೆ.

ನಾನು ರೂಢಿಯಂತೆ ಕೊಡೆ ಒಯ್ದಿದ್ದೆ. ಮೊದಲ ದಿನ ದುರ್ಬೀನಿಗೆ ಹಿಡಿದೆ. ಗುಡ್ಡದ ಆಚೆಯಿಂದ ಗಾಳಿ ಬಂತು, ಕೊಡೆ ಕೈಯಿಂದ ಕಿತ್ತು ಬರ್ಫಿನ ಮೇಲೆ ಉರುಳಿಕೊಂಡು ಹೊರಟಿತು. ನಾನು ಬೆನ್ನಟ್ಟಿದೆ. ಸಾಹೇಬರು ಕೂಗಿ ನಿಲ್ಲಿಸಿದರು. ಬರ್ಫಿನಲ್ಲಿ ಕಾಣದ ಬಿರುಕುಗಳು ಇರುತ್ತವೆ, ಆನೆಯೂ ಹೋದದ್ದು ಗೊತ್ತಾಗುವುದಿಲ್ಲ. ಕರೀ ಚುಕ್ಕೆಯಾಗಿ ಅದು ಕಾಣುತ್ತಲೇ ಇತ್ತು, ಬಹಳ ಹೊತ್ತು. ಹುಸೇನಸಾಬ ಅಂದ, “ಹೋಗಲಿ ಬಿಡೋ. ಅದೂ ಒಂದಿನ ರಿಟೈರ್ ಆಗಬೇಕಲ್ಲ.”

ಅಲ್ಲಿ ಗಾಳಿಯಲ್ಲಿ ಧೂಳಿಲ್ಲ, ಹೀಗಾಗಿ ದೂರದ್ದು ಹತ್ತಿರ ಕಾಣುತ್ತದೆ. ನಾನು ಒಂದು ಗುಡ್ಡ ತೋರಿಸಿ, ಧ್ವಜ ನೆಟ್ಟು ಊಟಕ್ಕೆ ಬರುತ್ತೇನೆ ಅಂದೆ. ಮಸೂತಿಯ ಹೊಲದಿಂದ ಹಳ್ಳಕ್ಕೆ ಹೋದಷ್ಟೇ ಅನ್ನಿಸಿತ್ತು. ಎಷ್ಟು ನಡೆದರೂ ಗುಡ್ಡ ಅಲ್ಲೇ. ವಾಪಸು ಬಂದಾಗ ಎಲ್ಲರೂ ಉಂಡು, ಮಲಗಿ, ಎದ್ದಿದ್ದರು. ಸಾಹೇಬರು ಬೈಯಲಿಲ್ಲ. “ನಾನೂ ಮೊದಲ ವಾರ ಹಿಂಗ ಮೋಸ ಹೋದೆ” ಅಂದರು. ಕಬ್ಬಿಣದ ತಿರುಪು ಮುಟ್ಟಿದರೆ ಬೆರಳಿನ ತೊಗಲು ಅದಕ್ಕೇ ಅಂಟಿಕೊಳ್ಳುತ್ತಿತ್ತು. ಪ್ರತಿ ಗುಡ್ಡದ ತುದಿಗೆ ಕಲ್ಲುಗುಪ್ಪೆ ಕಟ್ಟುವುದು, ಧ್ವಜ ನೆಡುವುದು, ಸಾಹೇಬರು ಅಳತೆ ತೆಗೆದ ಮೇಲೆ ಅದಕ್ಕೊಂದು ಸಂಖ್ಯೆ. ಇದೇ ಕೆಲಸ.

ಅಳತೆ ಮುಗಿಯುತ್ತಾ ಬಂದ ಮೇಲೆ ಹೆಸರಿನ ಮಾತು ಬಂತು. ನಮಗಿಂತ ಮೊದಲು ಬಂದ ಬೇರೆ ದೇಶದವರು ದೊಡ್ಡ ಗುಡ್ಡಗಳಿಗೆಲ್ಲ ತಮ್ಮ ಹೆಸರಿಟ್ಟಿದ್ದರು. ಸಣ್ಣವು ಉಳಿದಿದ್ದವು. ನಾನು ಕೇಳಿದೆ, “ಮೂರು ಮಂದಿನ್ನ ಕೇಳಬೇಕಲ್ರಿ ಸಾಹೇಬ್ರ. ಇಲ್ಲಿ ಯಾರನ್ನ ಕೇಳೂದು?”

“ಗುಡ್ಡಕ್ಕ ಹೋಗೋರನ್ನ ಕೇಳಬೇಕು. ಇಲ್ಲಿ ಹೋದೋರು ನಾವ. ನಮ್ಮನ್ನ ನಾವ ಕೇಳ್ಕೋಬೇಕು” ಅಂದರು. ಆಮೇಲೆ ನಿಯಮ ಹೇಳಿದರು. ಆಕಾರ ನೋಡಿ ಇಟ್ಟ ಹೆಸರು ಒಳ್ಳೆಯದು. ಮನುಷ್ಯರ ಹೆಸರು ಇಡಬಹುದು, ಆದರೆ ಅವರು ತೀರಿಹೋದವರಾಗಿರಬೇಕು. “ಬದುಕಿದ್ದೋರ ಹೆಸರು ಇಡಾಕ ಶುರು ಮಾಡಿದ್ರ ದಿಲ್ಲಿಯ ಸಾಹೇಬ್ರೆಲ್ಲಾ ಇಲ್ಲೇ ಬಂದು ಗುಡ್ಡ ಆಗಿ ಕುಂಡ್ರತಾರ.” ಪಟ್ಟಿ ದಿಲ್ಲಿಗೆ ಹೋಗುತ್ತದೆ, ಅಲ್ಲಿ ಒಪ್ಪಿದ ಮೇಲೆ ನಕ್ಷೆಗೆ ಏರುತ್ತದೆ. ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳಬಹುದು, ಖಲಾಸಿಗಳೂ.

ಹುಸೇನಸಾಬ ಒಂದು ಕೆರೆಗೆ ‘ಥಾಲಿ’ ಎಂದಿಟ್ಟ. ಗುಂಡಗೆ, ಹೊಳೆಯುವ ಅಂಚಿನ ಕೆರೆ ಅದು. ನಾನು ಎದುರಿನ ಗುಡ್ಡ ತೋರಿಸಿದೆ. ಬಂದ ದಿನದಿಂದ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು. ತಲೆಯ ಮೇಲಿಂದ ಸೆರಗು ಹೊದ್ದು, ಮೊಣಕಾಲು ಮಡಚಿ, ದಾರಿಯ ಕಡೆ ಮುಖ ಮಾಡಿ ಕುಳಿತ ಹೆಣ್ಣುಮಗಳಂತೆ ಇತ್ತು. ಅಗರಖೇಡದಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಬೇವಿನ ಕಟ್ಟೆ ಇದೆ. ಪಂಚಮಿಯ ಮುಂಚಿನ ದಿನ ಅಕ್ಕ ಅಲ್ಲಿ ಹೀಗೇ ಕೂರುತ್ತಾಳೆಂದು ಆ ಊರಿನವರೊಬ್ಬರು ನನಗೆ ಹೇಳಿದ್ದರು.

“ಗೌರಕ್ಕನ ಗುಡ್ಡ ಅಂತ ಬರೀರಿ” ಅಂದೆ.

“ಯಾರು ಗೌರಕ್ಕ?”

“ನಮ್ಮಕ್ಕರಿ. ಅಗರಖೇಡಕ್ಕ ಕೊಟ್ಟಾಕಿ. ನನ್ನ ಸಾಕಿದಾಕಿ.”

ಸಾಹೇಬರ ಪೆನ್ನು ನಿಂತಿತು. “ಅದಾರೇನು?”

ಒಂದು ಮಾತಿನ ಮೇಲೆ ಆ ಗುಡ್ಡ ನಿಂತಿತ್ತು. “ಇಲ್ರಿ” ಅಂದೆ.

“ಯಾವಾಗ ಹೋದ್ರು?”

“ಭಾಳ ವರ್ಷ ಆತ್ರಿ.”

ನನಗೆ ಈಗ ಹೆದರಿಕೆಯಾಗುವುದು ಆ ಸುಳ್ಳಿಗಲ್ಲ. ಹೇಳುವಾಗ ನನ್ನ ನಾಲಗೆ ತಡವರಿಸಲಿಲ್ಲ, ಅದಕ್ಕೆ. ಬಹಳ ವರ್ಷದಿಂದ ಅವಳು ಇಲ್ಲ ಎಂಬಂತೆಯೇ ಬದುಕಿದ್ದೆನಲ್ಲ. ಮನಸ್ಸಿನಲ್ಲಿ ಇದ್ದದ್ದೇ ಬಾಯಿಗೆ ಬಂತು.

ಸಾಹೇಬರು ಒಳ್ಳೆಯವರು, ಅದೇ ನನಗೆ ಮುಳುವಾಯಿತು. ಪೆನ್ನು ಜೇಬಿಗಿಟ್ಟು ಎದ್ದು ಟೊಪ್ಪಿಗೆ ತೆಗೆದರು. “ಸಾಕಿದ ಅಕ್ಕ ಅಂದ್ರ ತಾಯಿ ಇದ್ದಂಗ. ಎಲ್ಲಾರೂ ಒಂದು ನಿಮಿಷ ನಿಂದ್ರೋಣ.” ನಮ್ಮ ತಂಡದವರೆಲ್ಲ ಆ ಗಾಳಿಯಲ್ಲಿ ಟೊಪ್ಪಿಗೆ ತೆಗೆದು, ತಲೆ ಬಗ್ಗಿಸಿ, ನನ್ನ ಬದುಕಿದ್ದ ಅಕ್ಕನಿಗಾಗಿ ಸುಮ್ಮನೆ ನಿಂತರು. ಕಿವಿ ಉರಿಯುತ್ತಿದ್ದವು. ನಾನೂ ನಿಂತೆ. ಹುಸೇನಸಾಬನೂ ನಿಂತ, ಆದರೆ ಅವನು ತಲೆ ಬಗ್ಗಿಸಿರಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಆಮೇಲೆ ಕಲ್ಲು ಹೊರುವಾಗ ಮಗ್ಗುಲಿಗೆ ಬಂದ. “ಯಾವಾಗ ತೀರಕೊಂಡ್ಲೋ ನಿಮ್ಮಕ್ಕ? ನಾವು ಹೊರಡೂ ಮುಂದ ಇಂಡ್ಯಾಗ ನನಗ ಚಾ ಕುಡಿಸ್ಯಾಳ. ಸತ್ತೋರು ಚಾ ಕುಡಸ್ತಾರೇನು?”

“ಹೆಸರು ಉಳೀಲಿ ಅಂತ ಹೇಳಿದೆನೋ. ಆಕಿ ಸಲುವಾಗೇ ಹೇಳಿದೆ.”

“ಆಕಿ ಸಲುವಾಗಿ ಒಂದು ಬಸ್ ಹತ್ತಿ ಹೋಗಾಕ ಆಗಲಿಲ್ಲ ನಿನಗ. ಇಷ್ಟು ದೂರ ಬಂದು ಗುಡ್ಡ ಕೊಡಾಕತ್ತಿ” ಅಂದ. ಹೊತ್ತ ಕಲ್ಲನ್ನು ಇನ್ನೊಂದು ಹೆಗಲಿಗೆ ಬದಲಿಸಿ, “ನಾ ಹೇಳೂದಿಲ್ಲ. ಆದ್ರ ನೀ ಹೇಳಬೇಕು. ಆಕಿ ರೊಟ್ಟಿ ಇನ್ನೂ ನನ್ನ ಹೊಟ್ಯಾಗ ಅದಾವ” ಅಂದು ಮುಂದೆ ಹೋದ.

ನಾನು ಹೇಳಲಿಲ್ಲ. ವಾಪಸು ಬಂದೆವು. ಊರಿನ ಸಾಲಿಯಲ್ಲಿ ಶಾಲು ಹೊದಿಸಿದರು. ಅಕ್ಕ ಕೂಡ ಬಂದಿದ್ದಳು, ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಭಾಷಣ ಮುಗಿದ ಮೇಲೆ ಹತ್ತಿರ ಬಂದು ನನ್ನ ಗಲ್ಲ ಮುಟ್ಟಿ, “ಕರ್ರಗಾಗಿ. ಬರ್ಫಿನ್ಯಾಗ ಇದ್ದು ಬೆಳ್ಳಗ ಆಗಬೇಕಿತ್ತಲ್ಲೋ” ಅಂದಳು. ಪಂಚಮಿಯ ಮಾತು ಎತ್ತಲಿಲ್ಲ. ಆ ವರ್ಷವೂ ನಾನು ಕರೆಯಲು ಹೋಗಲಿಲ್ಲ. ಮೊದಲು ಸಂಕೋಚ ಇತ್ತು, ಈಗ ಅಪರಾಧ. ಅವಳ ಮುಖ ನೋಡಿದರೆ ಟೊಪ್ಪಿಗೆ ತೆಗೆದು ನಿಂತವರು ನೆನಪಾಗುತ್ತಿದ್ದರು.

ಕೆಲವು ವರ್ಷ ಕಳೆದವು. ನಕ್ಷೆ ಹೊಸದು ಮಾಡಲು ಇಂಡಿ ತಾಲೂಕಿಗೆ ಕ್ಯಾಂಪ್ ಬಿತ್ತು. ಈಗ ಡಬ್ಬಿಯ ಕಾಲ, ಬೆಳಗಿಂದ ಸಂಜೆಯೊಳಗೆ ನಮ್ಮ ಹಳೆಯ ತಿಂಗಳ ಕೆಲಸ ಮುಗಿಯುತ್ತಿತ್ತು. ದೇಸಾಯಿ ಸಾಹೇಬರು ನಿವೃತ್ತಿಗೆ ಹತ್ತಿರ ಬಂದಿದ್ದರು. ಒಂದು ಮುಂಜಾನೆ ನನ್ನನ್ನು ಕರೆದರು. ಮುಖದಲ್ಲಿ ಸಂತೋಷವಿತ್ತು. “ದಿಲ್ಲಿಯಿಂದ ಬಂತು ಮಲ್ಲಪ್ಪ. ನಿಮ್ಮಕ್ಕನ ಹೆಸರು ಮೊದಲ ಸುತ್ತಿನ್ಯಾಗ ಪಾಸಾಗೇತಿ. ಅಗರಖೇಡ ಇಲ್ಲೇ ಐತೆಲ್ಲ. ನಾಳೆ ಹೋಗಿ ಅವರ ಮಕ್ಕಳ ಕೈಯಾಗ ನಕಾಶೆಯ ಪ್ರತಿ ಒಂದು ಕೊಟ್ಟು ಬರೋಣ. ನನಗೂ ಆ ಪುಣ್ಯಾತ್ಮಳ ಮನಿ ನೋಡಬೇಕು.”

“ಅವರು ಊರು ಬಿಟ್ಟಾರ್ರಿ” ಅಂದೆ. ಹಿಂದೆ ನಿಂತಿದ್ದ ಹುಸೇನಸಾಬ ಕೆಮ್ಮಿದ. “ಬಿಟ್ಟಿಲ್ರಿ ಸಾಹೇಬ್ರ. ಅಲ್ಲೇ ಅದಾರ” ಅಂದ. ಅಷ್ಟೇ ಅಂದ.

ಆ ಮಧ್ಯಾಹ್ನ ರಜೆ ಕೇಳಿ ಒಬ್ಬನೇ ಅಗರಖೇಡಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ನಿಲ್ಲಿಸಿದಳು. “ಏನಲೇ ಮಲ್ಲ್ಯಾ, ಯಾರರ ಸತ್ತಾರೇನು? ನೀ ಸುಮ್ನ ಬರಾಂವ ಅಲ್ಲ.”

ನಿಂತುಕೊಂಡೇ ಎಲ್ಲ ಹೇಳಿದೆ. ಗುಡ್ಡ, ಸೆರಗು, ಸಾಹೇಬರ ಪ್ರಶ್ನೆ, ನನ್ನ ಉತ್ತರ, ಟೊಪ್ಪಿಗೆ ತೆಗೆದದ್ದು. ಮಳೆಗಾಲದಲ್ಲಿ ನಮಗೆ ಕ್ಯಾಂಪ್ ಇರುವುದಿಲ್ಲ ಎಂಬುದನ್ನೂ ಹೇಳಿದೆ. ಅವಳು ಕೇಳುತ್ತಾ ಜೋಳದಲ್ಲಿಯ ಹರಳು ಆರಿಸುತ್ತಿದ್ದಳು. ಮುಗಿದ ಮೇಲೂ ಆರಿಸುತ್ತಿದ್ದಳು.

“ಎಷ್ಟು ಮಂದಿ ನಿಂತಿದ್ರು?” ಅಂದಳು.

“ಎಲ್ಲಾರೂ.”

“ನೀನೂ?”

“ಹೂಂ.”

“ನಾ ಪಂಚಮಿಗೆ ನಾಗಪ್ಪಗ ಹಾಲ ಎರೀವಾಗ ಅಪ್ಪನ ಪಾಲು, ಅವ್ವನ ಪಾಲು ಅಂತ ಎರೀತೇನಿ. ಆಮ್ಯಾಲ ತಮ್ಮನ ಪಾಲು ಅಂತ. ಒಂದು ವರ್ಷ ತಪ್ಪಿಸಿಲ್ಲ. ನೀ ಅಲ್ಲಿ ನಿಂತು ನನ್ನ ಪಾಲು ತೆಗದಿ.” ದನಿ ಏರಿರಲಿಲ್ಲ. ನನಗೆ ಅಳು ಬಂತು. ಅವಳು ಮೊರ ಕೆಳಗಿಟ್ಟಳು. “ಅಳಬ್ಯಾಡ. ಸತ್ತಾರಂತ ಸುಳ್ಳ ಸುದ್ದಿ ಹುಟ್ಟಿದ್ರ ಆಯುಷ್ಯ ಜಾಸ್ತಿ ಅಂತಾರ. ನನಗೇನ ಲುಕ್ಸಾನ ಇಲ್ಲ. ನಿಮ್ಮ ಸಾಹೇಬ ನಾಳೆ ಎಷ್ಟೊತ್ತಿಗೆ ಬರ್ತಾನ? ಊಟಕ್ಕ ಬಾ ಅನ್ನು.”

ಮರುದಿನ ಜೀಪು ಅವಳ ಮನೆಯ ಮುಂದೆ ನಿಂತಾಗ ಅವಳೇ ಬಾಗಿಲಿಗೆ ಬಂದಳು, ಕೈಯಲ್ಲಿ ನೀರಿನ ತಂಬಿಗೆ. ಸಾಹೇಬರು ಮನೆಯ ಹಿರಿಯ ಹೆಣ್ಣುಮಗಳು ಯಾರೋ ಅಂದುಕೊಂಡು ಕೈಮುಗಿದರು.

“ಬರ್ರಿ ಸಾಹೇಬ್ರ. ಸತ್ತಾಕಿ ಮನಿಗೆ ಬಂದೀರಿ, ಕೈಕಾಲು ತೊಳಕೋರ್ರಿ” ಅಂದಳು.

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ತಂಬಿಗೆ ತೆಗೆದುಕೊಂಡು ಕಾಲು ತೊಳೆದರು, ಬಹಳ ನಿಧಾನಕ್ಕೆ. ಒಳಗೆ ಕೂತ ಮೇಲೆ ಅಕ್ಕ ಬಡಿಸಿದ ರೊಟ್ಟಿ ಮುರಿದು ಹಿಂಡಿ ಹಚ್ಚಿ ಬಾಯಿಗಿಟ್ಟವರು ತಡೆದರು. “ಹಡಗಿನ್ಯಾಗ ತಿಂದದ್ದು ಇದ ರೊಟ್ಟಿ.”

“ಹೌದ್ರಿ” ಅಂದ ಹುಸೇನಸಾಬ. “ತಂದಾಂವ ನಾ, ಮಾಡಿದಾಕಿ ಆಕಿ.”

“ಹಂಗಾರ ನಾ ರೊಟ್ಟಿ ತಿಂದು, ಅದನ್ನ ಮಾಡಿದಾಕಿಗೆ ಶ್ರದ್ಧಾಂಜಲಿ ಕೊಟ್ಟೆ” ಅಂದರು. ಅವರ ದನಿ ಇಳಿದಿತ್ತು. ಮಾತು ನನಗೆ ಎಂದು ಗೊತ್ತಿತ್ತು, ಮುಖ ಮಾತ್ರ ನನ್ನ ಕಡೆ ತಿರುಗಲಿಲ್ಲ.

ಊಟ ಮುಗಿದ ಮೇಲೆ ನಕ್ಷೆ ಬಿಚ್ಚಿ ಚಾಪೆಯ ಮೇಲೆ ಹಾಸಿದರು. ಗುಡ್ಡ ತೋರಿಸಿದರು. ಅಕ್ಕನಿಗೆ ಓದು ಬರುವುದಿಲ್ಲ. ಆ ಅಕ್ಷರಗಳ ಮೇಲೆ ಬೆರಳಿಟ್ಟು, “ಇದು ನಾನಾ?” ಅಂದಳು. ಹೌದೆಂದರು. “ಅಲ್ಲಿ ಯಾರರ ಅದಾರೇನು?” “ಯಾರೂ ಇಲ್ಲವ್ವಾ. ಗಾಳಿ, ಕಲ್ಲು.” ಅವಳು ಬೆರಳು ತೆಗೆಯಲಿಲ್ಲ. ಅವಳಿಗೆ ಆ ಹೆಸರು ಇಷ್ಟವಾಗಿತ್ತು. ಅದು ಮುಖದ ಮೇಲೆ ಕಾಣುತ್ತಿತ್ತು, ಇಲ್ಲವೆಂದು ನಾನು ಬರೆಯಲಾರೆ.

ಸಾಹೇಬರು ನೇರವಾಗಿ ಹೇಳಿದರು. “ನೀವು ಅದೀರಿ ಅಂತ ನಾ ಬರದು ಕಳಿಸಿದ್ರ ಈ ಹೆಸರು ಹೋಗ್ತೈತಿ. ಬರೀ ಸಂಖ್ಯೆ ಉಳೀತೈತಿ. ಹೊಸ ಹೆಸರು ಕೂಡಸಬೇಕಂದ್ರ ಮತ್ತ ಮೊದಲಿಂದ ಆಗಬೇಕು, ಅಷ್ಟೊತ್ತಿಗೆ ನಾ ಇರೂದಿಲ್ಲ. ಬರೀಲಿಲ್ಲಂದ್ರ ಹಂಗ ಉಳೀತೈತಿ, ದಿಲ್ಲಿಯಿಂದ ಯಾರೂ ಇಲ್ಲಿಗೆ ನೋಡಾಕ ಬರೂದಿಲ್ಲ. ಮಲ್ಲಪ್ಪನ ಮ್ಯಾಲ ನನಗ ಸಿಟ್ಟೈತಿ, ಅದು ಬ್ಯಾರೆ ಮಾತು. ಹೆಸರು ನಿಮ್ಮದು. ನೀವ ಹೇಳ್ರಿ.”

ನಾನು ಬಾಯಿ ಹಾಕಿದೆ. “ಇರಲಿ ಬಿಡಕ್ಕಾ. ನಾವೆಲ್ಲಾ ಹೋದ ಮ್ಯಾಲೂ ಉಳೀತೈತಿ.”

“ನೀ ಸುಮ್ನಿರು” ಅಂದಳು. ಬೆರಳು ಇನ್ನೂ ಅಲ್ಲೇ ಇತ್ತು. “ಸಾಹೇಬ್ರ, ಇದರಾಗ ನಾ ಸತ್ತೀನಿ ಅಂತ ಇದ್ರ ಇರಲಿ ಅಂತ ನಿನ್ನೆ ಅಂದಿದ್ದೆ. ಮುಂಜಾನೆ ರೊಟ್ಟಿ ಬಡೀವಾಗ ವಿಚಾರ ಬಂತು. ಸತ್ತಾಕಿನ್ನ ಪಂಚಮಿಗೆ ಯಾರು ಕರಿಯಾಕ ಬರ್ತಾರ?” ಬೆರಳು ತೆಗೆದಳು. “ತಗದಬಿಡ್ರಿ. ಅದೀನಿ ಅಂತ ಬರೀರಿ.”

ಸಾಹೇಬರು ಕ್ಯಾಂಪಿಗೆ ಬಂದು ಅವತ್ತೇ ಬರೆದು ಕಳಿಸಿದರು. ತಮ್ಮಿಂದ ವಿಚಾರಣೆಯಲ್ಲಿ ತಪ್ಪಾಯಿತು ಎಂದು ಬರೆದರು, ನನ್ನ ಹೆಸರು ಎತ್ತಲಿಲ್ಲ. ನನಗೆ ಹೇಳಿದ್ದು ಒಂದೇ ಮಾತು: “ಮೂರು ಮಂದಿನ್ನ ಕೇಳು ಅಂತ ನಿನಗ ಕಲಿಸಿದಾಂವ ನಾನು. ಅವತ್ತು ನಾ ಒಬ್ಬನ್ನ ಕೇಳಿ ಬರಕೊಂಡೆ.” ಬೈದಿದ್ದರೆ ಹಗುರಾಗುತ್ತಿತ್ತು. ಇವತ್ತಿಗೂ ಆ ನಕ್ಷೆಯಲ್ಲಿ ಥಾಲಿ ಕೆರೆಯ ಮಗ್ಗುಲಿಗೆ ಒಂದು ಗುಡ್ಡಕ್ಕೆ ಬರೀ ಸಂಖ್ಯೆ ಇದೆ. ಈ ಕೆಲಸಕ್ಕೆ ಬಂದ ಹುಡುಗರು ಯಾವಾಗಲಾದರೂ ನೋಡಿದರೆ, ಹೆಸರು ಸಿಗದೆ ಬಿಟ್ಟದ್ದು ಎಂದು ತಿಳಿಯಬಾರದು.

ಆ ವರ್ಷ ಪಂಚಮಿಯ ಮುಂಚಿನ ದಿನ ಮಸೂತಿಯಿಂದ ಹೊರಟು ಬಾಗೇವಾಡಿ, ವಿಜಾಪುರ, ಇಂಡಿ ಎಂದು ಬಸ್ಸು ಬದಲಿಸುತ್ತಾ ಅಗರಖೇಡಕ್ಕೆ ಹೋದೆ. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಬೇವಿನ ಕಟ್ಟೆ ಕಂಡಿತು. ತಲೆಯ ಮೇಲಿಂದ ಸೆರಗು ಹೊದ್ದು, ಮೊಣಕಾಲು ಮಡಚಿ, ದಾರಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮಗ್ಗುಲಲ್ಲಿ ಉಂಡಿಯ ಡಬ್ಬಿ ಕಟ್ಟಿದ ಗಂಟು. ನಾನು ಬರುತ್ತೇನೆಂದು ತಿಳಿಸಿರಲಿಲ್ಲ. ಪ್ರತಿ ವರ್ಷವೂ ಗಂಟು ಕಟ್ಟಿಕೊಂಡೇ ಕೂರುತ್ತಿದ್ದಳೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಇಳಿದು ಹತ್ತಿರ ಹೋದೆ. ಹಿಮದ ನಾಡಿನ ಆ ಗುಡ್ಡ ನಾವು ಎಷ್ಟು ಸಲ ಎದುರಿಗೆ ಹೋದರೂ ಹಾಗೇ ಕುಳಿತಿರುತ್ತಿತ್ತು. ಅಕ್ಕ ಕಟ್ಟೆಗೆ ಕೈ ಊರಿ, ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು.

“ಎಷ್ಟ ತಡಾ ಮಾಡಿದಿ. ಗಂಟು ಹಿಡಿ” ಅಂದಳು.